ಎದುರುಮನೆ ಮಾದಕ್ಕ

ನಮ್ಮವ್ವ ಬದುಕಿದ್ದಷ್ಟು ಕಾಲ ನನ್ನನ್ನು ಒಂದು ಸಲವೂ ಮಗಳೇ ಎಂದು ಕರೆಯಲಿಲ್ಲ. ನಾನೂ ಅವಳನ್ನು ಅವ್ವ ಎನ್ನುವ ಹಾಗಿರಲಿಲ್ಲ. ಊರಿನವರೆಲ್ಲ ಕರೆಯುವಂತೆ ಮಾದಕ್ಕ ಎನ್ನಬೇಕಾಗಿತ್ತು. ಬಾಯಿ ತಪ್ಪಿ ಅವ್ವ ಎಂದುಬಿಟ್ಟರೆ ಅವಳ ಕೈಯಲ್ಲಿ ಯಾವುದಿತ್ತೋ ಅದರಲ್ಲೇ ಏಟು ಬೀಳುತ್ತಿತ್ತು, ಸೌಟಾದರೆ ಸೌಟು, ಪೊರಕೆಯಾದರೆ ಪೊರಕೆ. ಹೀಗೆಂದರೆ ಕೇಳಿದವರು ಮಲತಾಯಿ ಎಂದುಕೊಳ್ಳುತ್ತಾರೆ. ಅಲ್ಲ, ಹೆತ್ತ ತಾಯಿಯೇ. ಅವಳಷ್ಟು ನನ್ನನ್ನು ಪ್ರೀತಿಸಿದವರು ಇನ್ನೊಬ್ಬರಿಲ್ಲ ಎಂದು ಈಗ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಅದು ನನಗೆ ಸುಲಭವಾಗಿ ತಿಳಿದದ್ದಲ್ಲ, ತಿಳಿಯುವ ತನಕ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಬೆಳೆದೆ.

ಅವಳ ಹೆಸರು ಚಿಕ್ಕಮಾದಮ್ಮ. ನಮ್ಮ ಊರು ಬೆಳಕವಾಡಿಗೆ ಹತ್ತಿರ, ಶಿವನಸಮುದ್ರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ನಮ್ಮ ಪಕ್ಕದಲ್ಲೇ ಕರೆಂಟು ಹುಟ್ಟಿ, ತಂತಿಯ ಮೇಲೆ ನಮ್ಮ ತಲೆ ದಾಟಿಕೊಂಡು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ನಮಗೆ ಹರಳೆಣ್ಣೆ ದೀಪವೇ ಗತಿ. ಆ ದೀಪದ ಬೆಳಕಿನಲ್ಲಿ ಅವ್ವ ಮೂರು ಮಕ್ಕಳನ್ನು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟಿದ್ದಳು. ಒಂದು ಬಾಣಂತಿ ಕೋಣೆ ಬಿಟ್ಟು ಆಚೆ ಬರಲಿಲ್ಲ. ಇನ್ನೊಂದು ಅಂಬೆಗಾಲಿಡುವಾಗ ಹೋಯಿತು. ಮೂರನೆಯದಕ್ಕೆ ಮಾತು ಬಂದಿತ್ತು. ಆ ವರ್ಷ ಊರೂರನ್ನೇ ಗುಡಿಸಿಕೊಂಡು ಹೋದ ಇನ್‌ಫ್ಲುಯೆಂಜಾ ಜ್ವರದಲ್ಲಿ ಅದು ಅವ್ವಾ ಅವ್ವಾ ಎಂದು ಕರೆಯುತ್ತಲೇ ಕಣ್ಣು ಮುಚ್ಚಿತಂತೆ.

ಮರುವರ್ಷ ನಾನು ಹುಟ್ಟಿದೆ. ಮಕ್ಕಳು ಉಳಿಯದ ಮನೆಯಲ್ಲಿ ಆಗ ಮಾಡುತ್ತಿದ್ದ ಒಂದು ಶಾಸ್ತ್ರವಿತ್ತು. ಅವ್ವ ನನ್ನನ್ನು ಮೊರದಲ್ಲಿ ಮಲಗಿಸಿ, ಮನೆಯ ಹಿಂದಿನ ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಒಳಕ್ಕೆ ಬಂದಳು. ಎದುರುಮನೆಯ ರೇವಮ್ಮ ಅಲ್ಲೇ ಕಾದು ನಿಂತಿದ್ದಳು. ಅವಳು ಹೆತ್ತ ಮಕ್ಕಳು ಒಂದೂ ತಪ್ಪದೆ ಉಳಿದಿದ್ದವು, ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. “ಅಯ್ಯೋ, ಯಾವೋಳೋ ಮಗೀನ ತಿಪ್ಪೆಗೆ ಬಿಸಾಕವ್ಳಲ್ಲಪ್ಪೋ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ರೇವಮ್ಮ ನನ್ನನ್ನು ಎತ್ತಿಕೊಂಡಳು. ಆಮೇಲೆ ನಮ್ಮ ಬಾಗಿಲಿಗೆ ಬಂದು ಅವ್ವನ ಮುಂದೆ ಒಂದು ಮೊರ ಭತ್ತದ ತೌಡು ಸುರಿದಳು.

“ತಕ್ಕೊ, ಈ ತೌಡು ನಿಂದು, ಈ ಕೂಸು ನಂದು. ನಮ್ಮನೇಲಿ ಸ್ಯಾನೆ ಮಕ್ಕಳವೆ, ನೀನೇ ವಸಿ ಸಾಕ್ಕೊಡು.”

ಹೀಗೆ ನಾನು ತೌಡಿಗೆ ಮಾರಾಟವಾದೆ, ಹೆಸರೂ ತೌಡಮ್ಮ ಎಂದೇ ಆಯಿತು. ಮಾದಮ್ಮನ ಮಕ್ಕಳನ್ನೇ ಹುಡುಕಿಕೊಂಡು ಬರುವ ಸಾವಿಗೆ ಈ ಮನೆಯಲ್ಲಿ ಮಾದಮ್ಮನ ಮಕ್ಕಳು ಯಾರೂ ಇಲ್ಲ, ಇರುವುದು ರೇವಮ್ಮನ ಮಗಳು ಎಂದು ತೋರಿಸುವ ಉಪಾಯ ಅದು. ಈ ಶಾಸ್ತ್ರ ಮಾಡಿದವರೆಲ್ಲ ಮಗುವಿನ ಮೊದಲ ಮುಡಿ ಕೊಡುವ ಹೊತ್ತಿಗೆ ತೌಡನ್ನು ವಾಪಸು ಕೊಟ್ಟು ಮಗುವನ್ನು ಬಿಡಿಸಿಕೊಳ್ಳುತ್ತಿದ್ದರು. ಅಲ್ಲಿಗೆ ಆಟ ಮುಗಿಯಿತು, ಮಗು ಅವ್ವ ಎನ್ನಬಹುದು, ಅವ್ವ ಮಗುವಿಗೆ ದೃಷ್ಟಿ ತೆಗೆದು ಮುದ್ದಾಡಬಹುದು.

ನಮ್ಮವ್ವನೂ ಹಾಗೇ ಹೊರಟಿದ್ದಳಂತೆ. ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಡಲು ಬುತ್ತಿ ಕಟ್ಟಿ, ತೌಡು ಜರಡಿ ಹಿಡಿದು ಇಟ್ಟಿದ್ದಳು. ಹೊರಡುವ ಬೆಳಗ್ಗೆ ನನ್ನ ಮೈ ಕಾದ ಹಂಚಿನಂತಾಯಿತು. ಅವ್ವ ಬುತ್ತಿ ಬಿಚ್ಚಿದಳು, ತೌಡನ್ನು ಎಮ್ಮೆಗೆ ಹಾಕಿದಳು. ಜ್ವರ ಇಳಿಯಿತು. ಮಾದಪ್ಪ ಬೇಡ ಎಂದು ಹೇಳಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಮರುವರ್ಷ ರೇವಮ್ಮನೇ ನನ್ನನ್ನು ಹೊತ್ತುಕೊಂಡು ಹೋಗಿ ಮುಡಿ ಕೊಟ್ಟು ಬಂದಳು. ಮುಂದಿನ ವರ್ಷ ಬಿಡಿಸಿಕೊಂಡರಾಯಿತು, ಮುಂದಿನ ವರ್ಷ ನೋಡೋಣ, ಎನ್ನುತ್ತಲೇ ನಾನು ಲಂಗ ಉಟ್ಟೆ, ಸೀರೆ ಉಟ್ಟೆ, ರೇವಮ್ಮನ ಮಗಳಾಗಿಯೇ ಉಳಿದೆ.

ಉಣ್ಣುವುದು, ಮಲಗುವುದು ಅವ್ವನ ಮನೆಯಲ್ಲಿ. ಹಕ್ಕು ಮಾತ್ರ ರೇವಮ್ಮನದು. ಆ ಹೆಂಗಸು ಒಳ್ಳೆಯವಳೇ, ಆದರೆ ಸಿಕ್ಕ ಅವಕಾಶ ಬಿಡುವವಳಲ್ಲ. “ಏನೇ, ನನ್ ಮಗಳಲ್ವಾ ನೀನು? ಬಾ, ಈ ಕೊಟ್ಟಿಗೆ ಸಗಣಿ ಬಾಚೋಗು” ಎಂದು ಕರೆಯುತ್ತಿದ್ದಳು. ನಾನು ಮೂತಿ ತಿರುಗಿಸಿದರೆ ಒಳಗಿನಿಂದ ಅವ್ವ, “ಓಗು, ನಿಮ್ಮವ್ವ ಕರೀತಾವ್ಳೆ” ಎನ್ನುತ್ತಿದ್ದಳು. ನನಗೆ ಆಗ ಇಬ್ಬರ ಮೇಲೂ ಕೆಂಡದಂಥ ಕೋಪ ಬರುತ್ತಿತ್ತು.

ಅಪ್ಪ ಸಣ್ಣಯ್ಯನಿಗೆ ಈ ಕಟ್ಟುನಿಟ್ಟು ಒಗ್ಗಲಿಲ್ಲ. ಮನೆಯಲ್ಲಿ ಹೆಂಡತಿಗೆ ಹೆದರಿ ನನ್ನನ್ನು ‘ಏ ಹುಡುಗಿ’ ಎನ್ನುತ್ತಿದ್ದ. ನಾಲೆಯ ಕಡೆ ಗದ್ದೆಗೆ ಕರೆದುಕೊಂಡು ಹೋದಾಗ ಮಾತ್ರ, ತೂಬಿನಿಂದ ನೀರು ಧುಮುಕುವ ಕಡೆ ನಿಂತು, ಮಗಾ ಎಂದು ಕರೆಯುತ್ತಿದ್ದ. “ಈ ನೀರಿನ ಸದ್ನಲ್ಲಿ ಯಾರ್ಗೂ ಕೇಳ್ಸಾಕಿಲ್ಲ ಬುಡು” ಎಂದು ಕಣ್ಣು ಮಿಟುಕಿಸುತ್ತಿದ್ದ. ಅಷ್ಟಕ್ಕೇ ನನಗೆ ಆ ದಿನವೆಲ್ಲ ಹೊಟ್ಟೆ ತುಂಬಿದಂತೆ ಇರುತ್ತಿತ್ತು.

ಅವ್ವನ ಸೋಮವಾರದ ಪೂಜೆಯನ್ನು ಹೇಳಲೇಬೇಕು. ಅವತ್ತು ಸಂಜೆಯವರೆಗೆ ಬಾಯಿಗೆ ನೀರು ಬಿಟ್ಟರೆ ಬೇರೇನೂ ಇಲ್ಲ. ಸಂಜೆ ಮಿಂದು, ಒದ್ದೆ ಕೂದಲಿಗೆ ಗಂಟು ಹಾಕಿ, ಒಲೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಗೂಡಿನಲ್ಲಿದ್ದ ಮಾದಪ್ಪನ ಮುಂದೆ ನಿಲ್ಲುತ್ತಿದ್ದಳು. ಅವಳಿಗೆ ಮಂತ್ರ ಗೊತ್ತಿರಲಿಲ್ಲ. ಎದುರು ಕೂತ ನೆಂಟನೊಡನೆ ಮಾತನಾಡುವ ಹಾಗೆ ಮಾತನಾಡುತ್ತಿದ್ದಳು.

“ಏಳುಮಲೆ ಮಾದಪ್ಪ, ಎದುರುಮನೆ ರೇವಮ್ಮನ ಮಗಳು ತೌಡಮ್ಮನ್ನ ಕಾಯಪ್ಪ. ಮಳೆ ಬೆಳೆ ಕೊಡು. ದನಕರ ನೋಡ್ಕೊ. ನನ್ ಗಂಡನ ಮಂಡಿನೋವು ವಾಸಿ ಮಾಡು. ಊರ ತಣ್ಣಗೆ ಮಡಗು.”

ಆ ಮೊದಲ ಮಾತು ಕಿವಿಗೆ ಬಿದ್ದರೆ ನನಗೆ ಮುಳ್ಳು ಚುಚ್ಚಿದಂತೆ ಆಗುತ್ತಿತ್ತು. ದೇವರ ಮುಂದೆಯೂ ಸುಳ್ಳೇ? ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ. “ಏಳು ಮಲೆ ಆಳೋ ದೇವ್ರಿಗೆ ಈ ಮನೆ ಯಾವ್ದು, ಎದುರುಮನೆ ಯಾವ್ದು ಅಂತ ಗೊತ್ತಾಗಾಕಿಲ್ವಾ?”

ಅವ್ವ ಬೆಚ್ಚಿ ಬಾಗಿಲ ಕಡೆ ನೋಡಿ, ನನ್ನ ಕಿವಿ ಹಿಂಡಿ, ಪಿಸುಗುಟ್ಟಿದಳು. “ಮಾದಪ್ಪಂಗೆ ಎಲ್ಲಾ ಗೊತ್ತು ಕಣೆ. ಅವ್ನು ನಮ್ ಕಡೆಯೋನು, ಬಾಯಿ ಬುಡಾಕಿಲ್ಲ. ಗೊತ್ತಾಗ್ಬಾರ್ದಾಗಿರೋದು ಆ ಇನ್ನೊಬ್ಬಂಗೆ.”

ಅವಳ ಭಕ್ತಿಯೆಂದರೆ ಅದು. ದೇವರು ಅವಳಿಗೆ ದೊಡ್ಡ ಗುಟ್ಟೊಂದರಲ್ಲಿ ಪಾಲುದಾರ. ಅವನು ನುಡಿ ತಪ್ಪುವುದಿಲ್ಲ ಎಂಬುದರಲ್ಲಿ ಅವಳಿಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ನನಗಿತ್ತು, ಬೇಕಾದಷ್ಟು ಇತ್ತು. ಮುಡಿಯ ದಿನ ಮಗುವಿಗೆ ಜ್ವರ ಬಂದದ್ದು ಮಾದಪ್ಪನ ಸಂದೇಶವಲ್ಲ, ಹಿಂದಿನ ದಿನ ಬಿಸಿಲಿನಲ್ಲಿ ಆಡಿದ್ದಕ್ಕೆ ಎಂದು ನಾನು ಬಹಳ ಸಲ ವಾದಿಸಿದೆ. ಅವ್ವ ನನ್ನ ಬುದ್ಧಿವಂತಿಕೆಯನ್ನು ಕೇಳಿಸಿಕೊಂಡು ರಾಗಿ ಬೀಸುತ್ತಿದ್ದಳು.

ನನ್ನ ಮದುವೆ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ನಾಲ್ಕೈದು ವರ್ಷವಾದ ಮೇಲೆ ಆಯಿತು. ಗಂಡು ಮದ್ದೂರು ಸೀಮೆಯ ಕೊಪ್ಪದವನು, ಅಂಕಯ್ಯ, ನಾಲೆ ನೀರಿನಲ್ಲಿ ಕಬ್ಬು ಬೆಳೆಯುತ್ತಿದ್ದ. ಅವನ ತಾಯಿ ಬೆಟ್ಟಮ್ಮ ಹೆಣ್ಣು ನೋಡಲು ಬಂದಾಗ, “ಇವ್ಳ ತಾಯಿ ಯಾರು? ಕಾಫಿ ಕೊಟ್ಟೋಳಾ, ಅಡಿಕೆ ಅಗೀತಾ ಮಾತಾಡ್ತಿರೋಳಾ?” ಎಂದು ನೇರವಾಗಿ ಕೇಳಿದಳು. ಅವ್ವ ರೇವಮ್ಮನ ಕಡೆ ಕೈ ತೋರಿಸಿದಳು. ಬೆಟ್ಟಮ್ಮ ನನ್ನ ಮೂಗು ನೋಡಿದಳು, ಅವ್ವನ ಮೂಗು ನೋಡಿದಳು. ಎರಡೂ ಒಂದೇ ಅಚ್ಚಿನಲ್ಲಿ ತೆಗೆದ ಮೂಗು. ಆದರೂ ಬೆಟ್ಟಮ್ಮ ದೊಡ್ಡ ಮನಸ್ಸಿನಿಂದ ಸುಮ್ಮನಾದಳು.

ಧಾರೆಯ ದಿನ ನನ್ನ ಕೈಗೆ ಹಾಲು ನೀರು ಎರೆದವರು ರೇವಮ್ಮ ಮತ್ತು ಅವಳ ಗಂಡ ಮರಿಸಿದ್ದಯ್ಯ. ಅಪ್ಪ ಚಪ್ಪರದ ಕಂಬಕ್ಕೆ ಒರಗಿ ನಿಂತು ಬಾಯಿಗೆ ಟವಲು ಒತ್ತಿಕೊಂಡಿದ್ದ. ಅವ್ವ ಬಂದವರಿಗೆ ಮಜ್ಜಿಗೆ ಹಂಚುತ್ತಿದ್ದಳು, ಕರೆದ ಮನೆಗೆ ಬಂದ ಪಕ್ಕದವಳ ಹಾಗೆ. ನಾನು ತಲೆಯೆತ್ತಿ ಅವಳನ್ನೇ ದುರುಗುಟ್ಟಿಕೊಂಡು ನೋಡಿದೆ. ಧಾರೆ ಎರೆಯುವಾಗಲಾದರೂ ಈ ನಾಟಕ ಬಿಡಬಹುದಿತ್ತು ಎಂದು ನನ್ನ ಹಟ. ಅವಳು ಒಂದು ಸಲ ಮಾತ್ರ ನನ್ನ ಕಡೆ ನೋಡಿದಳು, ಮಜ್ಜಿಗೆ ಚೆಂಬು ತುಳುಕಿ ಅವಳ ಪಾದದ ಮೇಲೆ ಚೆಲ್ಲಿತು. ಗಾಡಿ ಹತ್ತುವಾಗ ರೇವಮ್ಮ ನನ್ನನ್ನು ತಬ್ಬಿಕೊಂಡು ಊರು ಹಾರಿಹೋಗುವಂತೆ ಅತ್ತಳು. ಅವ್ವ ಗಾಡಿಯ ಹಿಂದೆ ನಿಂತು, “ಎತ್ತಿಗೆ ನೀರ್ ಕುಡ್ಸಿದ್ದೀರಾ?” ಎಂದು ಗಾಡಿಯವನನ್ನು ವಿಚಾರಿಸುತ್ತಿದ್ದಳು. ಕೊಪ್ಪ ತಲುಪುವ ತನಕ ನಾನು ಸಿಟ್ಟಿನಿಂದಲೇ ಅತ್ತೆ.

ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಸೀಮೆಎಣ್ಣೆಗೆ, ಬಟ್ಟೆಗೆ ಸಾಲು ನಿಲ್ಲುತ್ತಿದ್ದಾಗ, ನಾನು ಚೊಚ್ಚಲ ಹೆರಿಗೆಗೆ ಊರಿಗೆ ಬಂದೆ. ಲೆಕ್ಕಕ್ಕೆ ರೇವಮ್ಮನ ಮನೆಯಲ್ಲಿ ಬಾಣಂತನ ಆಗಬೇಕು. ಅಲ್ಲಿ ಜಾಗವಿಲ್ಲ ಎಂಬ ನೆಪದಲ್ಲಿ ಅವ್ವನ ನಡುಮನೆಯಲ್ಲೇ ಚಾಪೆ ಹಾಸಿದರು. ನೋವು ಶುರುವಾದದ್ದು ಬೆಳಗ್ಗೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹಟ, ಸಿಟ್ಟು, ಮರ್ಯಾದೆ ಎಲ್ಲ ಹಾರಿಹೋಗಿ, ಬಾಯಿಗೆ ಬಂದದ್ದು ಒಂದೇ ಮಾತು, ಅವ್ವಾ.

ನನ್ನ ಸೊಂಟವನ್ನು ಒತ್ತಿ ಹಿಡಿದಿದ್ದ ಕೈ ಅವಳದು. ನನ್ನ ಬೆನ್ನು ಒರಗಿದ್ದು ಅವಳ ಎದೆಗೆ. ಅದರ ಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು. ಅವಳು ಮಾತ್ರ ಬಾಗಿಲ ಕಡೆ ಕತ್ತು ಚಾಚಿ, “ಏ ರೇವಮ್ಮಾ! ನಿನ್ ಮಗಳು ಕರೀತಾವ್ಳೆ, ಎಲ್ಲಿ ಸತ್ತೋದೆ?” ಎಂದು ಕೂಗಿದಳು. ರೇವಮ್ಮ ಒದ್ದೆ ಕೈಯಲ್ಲಿ ಓಡಿಬಂದು, “ಇಲ್ಲೇ ಇವ್ನಿ ಕಣವ್ವ, ಇಲ್ಲೇ ಇವ್ನಿ” ಎಂದು ನನ್ನ ಮುಂದೆ ಕೂತಳು. ನಾನು ಮುಂದಿದ್ದವಳ ಮುಖ ನೋಡಿಕೊಂಡು ಹಿಂದಿದ್ದವಳನ್ನು ಕರೆಯುತ್ತ ಮಂಗಳಮ್ಮನನ್ನು ಹೆತ್ತೆ. ಈಗ ನೆನೆದರೆ ನಗು ಬರುತ್ತದೆ. ಅವತ್ತು ನಗು ಬಂದಿರಲಿಲ್ಲ.

ಮಂಗಳಮ್ಮನನ್ನು ತಿಪ್ಪೆಯ ಮೇಲಿಡಲು ನಾನು ಬಿಡಲಿಲ್ಲ. ಅವ್ವನೂ ಕೇಳಲಿಲ್ಲ. “ಇದು ರೇವಮ್ಮನ ಮೊಮ್ಮಗಳು, ಗಟ್ಟಿ ಪಿಂಡ” ಎಂದಳು. ಆದರೆ ಆ ಮಗುವಿನ ಮೇಲೆ ಅವಳು ಸುರಿದದ್ದನ್ನು ನೋಡಬೇಕಿತ್ತು. ನನಗೆ ಕೊಡದೆ ಇಟ್ಟುಕೊಂಡಿದ್ದ ಮುದ್ದೆಲ್ಲ ಅಲ್ಲಿಗೆ ಹರಿಯಿತು. ವರ್ಷಕ್ಕೆ ಎರಡು ಸಲ ಕೊಪ್ಪಕ್ಕೆ ಬರುವಳು, ಸೆರಗಿನಲ್ಲಿ ಹುರಿಗಡಲೆ, ಎಳ್ಳುಂಡೆ ಕಟ್ಟಿಕೊಂಡು. ನಮ್ಮ ಬೀದಿಯ ತಲೆಯಲ್ಲೇ ಶುರು. “ಇಲ್ಯಾವ್ದೋ ದಿಕ್ಕಿಲ್ದ ಮಗು ಐತಂತಲ್ಲ, ಯಾರ್ದೋ ಏನೋ, ಪಾಪ, ಎತ್ಕೊಳ್ಳಾನಾ ಅಂತ ಬಂದೆ” ಎನ್ನುತ್ತ ಮಗುವನ್ನು ಕಂಕುಳಿಗೆ ಏರಿಸಿದರೆ ಇಳಿಸುತ್ತಿದ್ದದ್ದು ಮಲಗುವಾಗ. ಮಂಗಳಮ್ಮ ಅವಳ ಎಲೆ ಅಡಿಕೆ ಚೀಲದೊಳಗೆ ಕೈ ಹಾಕಿ ಸುಣ್ಣವನ್ನೆಲ್ಲ ಚೆಲ್ಲುತ್ತಿದ್ದಳು. ಬೆಟ್ಟಮ್ಮ ಬೈದರೆ ಅವ್ವ, “ಬುಡವ್ವ, ಯಾರದ್ದೋ ಮಗು, ನಾವ್ಯಾಕೆ ಗದರಾನ” ಎಂದು ಒಳಗೊಳಗೇ ಹಿಗ್ಗುತ್ತಿದ್ದಳು. ಮಗು ಒಂದು ದಿನ ಅಜ್ಜಿ ಎಂದಿತು. ಅವ್ವ ಥಟ್ಟನೆ ಎದ್ದು ಹಿತ್ತಲಿಗೆ ಹೋದಳು. ತಿರುಗಿ ಬಂದಾಗ ಕಣ್ಣು ಕೆಂಪಗಿದ್ದವು, ಎಳ್ಳುಂಡೆ ಕೊಟ್ಟು, “ಮಾದಕ್ಕ ಅನ್ನು” ಎಂದು ಕಲಿಸಿದಳು.

ಅವಳು ಹೊರಟುನಿಂತ ಪ್ರತಿ ಸಲವೂ ನಾನು ಕೇಳುತ್ತಿದ್ದೆ. ಯಾವಾಗ ಬಿಡಿಸಿಕೊಳ್ಳುತ್ತೀಯ? ನನಗೂ ಒಂದು ಮಗುವಾಯಿತು, ಇನ್ನೂ ತೌಡಿನ ಲೆಕ್ಕ ಮುಗಿಯಲಿಲ್ಲವೇ? ಅವಳದು ಒಂದೇ ಉತ್ತರ, “ಈ ವರ್ಸ ಬ್ಯಾಡ, ಬರೋ ವರ್ಸ ನೋಡಾನ.” ಬಸ್ಸು ಹೊರಟ ಮೇಲೆ ನಾನು ಇಡೀ ದಿನ ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಅಂಕಯ್ಯ ಅವತ್ತು ಗದ್ದೆಯಿಂದ ತಡವಾಗಿಯೇ ಬರುತ್ತಿದ್ದ.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಅಪ್ಪ ಹೇಳಿ ಕಳಿಸಿದ. ಮಾದಕ್ಕ ಮೇಲೇಳುತ್ತಿಲ್ಲ, ಉಣ್ಣುವುದು ಬಿಟ್ಟಿದ್ದಾಳೆ, ಮಳವಳ್ಳಿಯ ಡಾಕ್ಟರು ನೋಡಿ ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಸುದ್ದಿ ತಂದವನಿಗೆ ಊಟ ಬಡಿಸಿ, ನಾನು ನೇರವಾಗಿ ಧಾನ್ಯದ ಹಗೇವಿನ ಪಕ್ಕದ ಕೋಣೆಗೆ ಹೋದೆ. ನಮ್ಮದೇ ಗದ್ದೆಯ ಭತ್ತ ಕುಟ್ಟಿದ ತೌಡಿತ್ತು. ಒಂದು ಮೊರ ಅಳೆದು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿದೆ. ಈ ಸಲ ಕೇಳುವುದಿಲ್ಲ, ಮಾಡಿಸಿಯೇ ತೀರುತ್ತೇನೆ ಎಂದು ನಿರ್ಧರಿಸಿದ್ದೆ. ಅವಳು ಹೋಗುವುದಕ್ಕೆ ಮುಂಚೆ ನನ್ನನ್ನು ಮಗಳೇ ಎನ್ನಬೇಕು. ಒಂದು ಸಲ. ನನಗೆ ಬೇರೆ ಏನೂ ಬೇಡವಾಗಿತ್ತು.

ಮದ್ದೂರಿನಲ್ಲಿ, ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹತ್ತಿದೆವು, ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಗಂಟು. ಕಂಡಕ್ಟರು ಗಂಟು ಮುಟ್ಟಿ ನೋಡಿ, ಸರ್ಕಾರಕ್ಕೆ ಅಳೆಯಬೇಕಾದ ಲೆವಿ ತಪ್ಪಿಸಿ ಅಕ್ಕಿ ಸಾಗಿಸುತ್ತಿದ್ದೇನೆ ಎಂದುಕೊಂಡ. “ಬಿಚ್ಚಮ್ಮ” ಎಂದ. ಬಿಚ್ಚಿದೆ. ತೌಡು ನೋಡಿ ಅವನು ಪೆಚ್ಚಾದ. “ಮಳವಳ್ಳೀಲಿ ತೌಡು ಸಿಗಾಕಿಲ್ವಾ?”

“ಸಿಗ್ತದೆ. ಇದ್ರಲ್ಲಿ ನನ್ ತೂಕ ಐತೆ” ಎಂದೆ. ಬಸ್ಸು ಏರಿನಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಇಳಿದು ತಳ್ಳಿದವರಲ್ಲಿ ನಾನೂ ಒಬ್ಬಳು.

ಅವ್ವ ನಡುಮನೆಯಲ್ಲಿ ಮಲಗಿದ್ದಳು, ನಾನು ಮಂಗಳಮ್ಮನನ್ನು ಹೆತ್ತ ಜಾಗದಲ್ಲೇ. ಕಂಬಳಿಯ ಕೆಳಗೆ ಒಬ್ಬ ಹೆಂಗಸಿದ್ದಾಳೆ ಎಂದೇ ಅನ್ನಿಸುತ್ತಿರಲಿಲ್ಲ. ನನ್ನ ಹೆಜ್ಜೆ ಸದ್ದಿಗೆ ಕಣ್ಣು ಬಿಟ್ಟಳು. “ರೇವಮ್ಮನ ಮಗಳು ಬಂದ್ಲಾ?” ಎಂದಳು. ಮಗುವನ್ನು ನೋಡಿ ತುಟಿ ಅರಳಿಸಿದಳು. ನಾನು ಗಂಟನ್ನು ಅವಳ ಪಕ್ಕದಲ್ಲಿಟ್ಟು ಬಿಚ್ಚಿದೆ.

“ಇದೇನೇ?”

“ತೌಡು. ರೇವಮ್ಮನ್ನ ಕರೀತೀನಿ. ಇದ ಅವ್ಳಿಗೆ ಕೊಟ್ಟು ನನ್ನ ಬಿಡುಸ್ಕೊ.”

“ಕೊಪ್ಪದಿಂದ ತೌಡು ಒತ್ಕೊಂಡ್ ಬಂದ್ಯಾ? ಬುದ್ಧಿ ಐತಾ ನಿಂಗೆ? ಎಮ್ಮೆಗಾಕು.”

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ಇಷ್ಟ್ ದೊಡ್ಡೋಳಾಗಿವ್ನಿ. ಇನ್ಯಾವ ಸಾವು ನನ್ನ ಉಡುಕ್ಕೊಂಡ್ ಬತ್ತದೆ? ಸಾಕು ಮಾಡು. ಒಂದ್ಸಲ ಅನ್ನು. ಒಂದೇ ಒಂದ್ಸಲ.”

ಅವ್ವ ಕೈಸನ್ನೆ ಮಾಡಿ ಹತ್ತಿರ ಕರೆದಳು. ನಾನು ಬಗ್ಗಿದೆ.

“ಬಾಗ್ಲಲ್ಲಿ ಯಾರು ಕುಂತವ್ರೆ ನೋಡು.”

ನೋಡಿದೆ. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು, ಅಷ್ಟೇ. “ಯಾರೂ ಇಲ್ಲ” ಎಂದೆ.

“ನಿಂಗೆ ಕಾಣಾಕಿಲ್ಲ. ಬಂದು ಕುಂತವ್ನೆ, ಎರಡು ದಿನ ಆಯ್ತು. ನನ್ನ ಕರ್ಕೊಂಡೋಗಾಕೆ.” ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. “ಇಷ್ಟೊರ್ಸ ಬಚ್ಚಿಟ್ಟಿವ್ನಿ. ಈಗ ಅವ್ನು ಮನೆವೊಳ್ಗೇ ಬಂದು ಕುಂತಾಗ, ಅವ್ನ ಕಣ್ಣೆದ್ರಿಗೆ ತಗ್ದು ತೋರುಸ್ಲಾ?”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾದಗಳಲ್ಲಿ ಒಂದೂ ಇದಕ್ಕೆ ಹೊಂದುವಂಥದ್ದಿರಲಿಲ್ಲ. ಅವಳು ಸಾಯುವುದಕ್ಕೆ ಹೆದರಿರಲಿಲ್ಲ. ಬಂದವನು ಹೋಗುವಾಗ ಅಕ್ಕಪಕ್ಕ ನೋಡಿಬಿಟ್ಟಾನು ಎಂದು ಹೆದರಿದ್ದಳು.

“ಓಗು” ಎಂದಳು. “ನಿಮ್ಮವ್ವನ ಮನೇಲಿ ಉಂಡು ಮನೀಕೊ. ಮಗೀನೂ ಕರ್ಕೊಂಡೋಗು. ಇಲ್ಲಿ ಬ್ಯಾಡ.”

ಹೋಗು ಎಂದಳೇ ಹೊರತು ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡೇ ಇತ್ತು. ನಾನಾಗಿ ಬಿಡಿಸಿಕೊಳ್ಳಲಿಲ್ಲ. ಅದು ತಾನಾಗಿ ಸಡಿಲವಾಗುವ ತನಕ ಕೂತಿದ್ದೆ.

ಅವತ್ತು ಸೋಮವಾರ. ಸಂಜೆ ನಾನು ರೇವಮ್ಮನ ಜಗಲಿಯ ಮೇಲೆ ಮಗುವಿಗೆ ಉಣ್ಣಿಸುತ್ತಿದ್ದೆ. ಎದುರುಮನೆಯಲ್ಲಿ ಅಪ್ಪ ಕೆಂಡಕ್ಕೆ ಸಾಂಬ್ರಾಣಿ ಹಾಕಿದ್ದು ಮೂಗಿಗೆ ಬಂತು. ಮಲಗಿದ್ದಲ್ಲಿಂದಲೇ ಅವ್ವ ಮಾತನಾಡುತ್ತಿದ್ದಳು. ದನಿ ಸೋತಿತ್ತು, ಆದರೂ ಬೀದಿ ದಾಟಿ ಬಂತು. “ಮಾದಪ್ಪ, ಎದುರುಮನೆ ರೇವಮ್ಮನ ಮಗಳು ತೌಡಮ್ಮನ್ನ ಕಾಯಪ್ಪ. ಅವ್ಳ ಮಗೀನ ಕಾಯಪ್ಪ...” ಮಳೆ ಬೆಳೆಯವರೆಗೆ ಹೋಗುವಷ್ಟು ಉಸಿರು ಅವಳಿಗೆ ಇರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದಳು.

ಹುಟ್ಟಿದಾಗಿನಿಂದ ಕೇಳಿದ್ದ ಮಾತು ಅದು. ಯಾರ ಮಗಳೆಂದು ಹೇಳುತ್ತಾಳೆ ಎಂಬುದನ್ನೇ ಕೇಳಿಸಿಕೊಂಡು ಉರಿದುಕೊಂಡಿದ್ದೆ. ಪ್ರತಿ ಸೋಮವಾರವೂ ಮಳೆಗಿಂತ, ದನಕ್ಕಿಂತ, ಗಂಡನಿಗಿಂತ ಮೊದಲು ಅವಳ ಬಾಯಲ್ಲಿ ಬಂದ ಹೆಸರು ನನ್ನದು ಎಂಬುದು ಅವತ್ತು ತಿಳಿಯಿತು. ತನ್ನ ಹೆಸರನ್ನು ಅವಳು ಎಂದೂ ಹೇಳಿರಲೇ ಇಲ್ಲ. ಮಗುವಿನ ಬಾಯಿಗೆ ಇಡಬೇಕಾದ ತುತ್ತು ನನ್ನ ಕೈಯಲ್ಲೇ ಉಳಿಯಿತು. ರೇವಮ್ಮ ಬಂದು ಪಕ್ಕದಲ್ಲಿ ಕೂತು ನನ್ನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು.

ಮರುದಿನ ಬೆಳಗ್ಗೆ ದನ ಬಿಡುವ ಹೊತ್ತಿಗೆ ಅವ್ವ ಹೋದಳು.

ತೊಳೆದು, ಹೊಸ ಸೀರೆ ಉಡಿಸಿ, ಬಾಗಿಲ ಮುಂದೆ ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ ಮಾದಪ್ಪನ ವಿಭೂತಿ ಬಳಿದರು. ಮಣ್ಣಿಗೆ ಕೊಂಡೊಯ್ಯುವ ಮುಂಚೆ ನಮ್ಮಲ್ಲಿ ಬಾಯಿಗೆ ಅಕ್ಕಿ ಹಾಕುತ್ತಾರೆ. ಮೊದಲು ಮಕ್ಕಳು, ಆಮೇಲೆ ನೆಂಟರು, ಕೊನೆಯಲ್ಲಿ ಊರಿನವರು. ಕುಲದ ಯಜಮಾನ ದೊಡ್ಡಬೀರಯ್ಯ ಅಕ್ಕಿಯ ಮೊರ ಹಿಡಿದು ನಿಂತ. ಸುತ್ತಲೂ ನೋಡಿ, ಊರಿನವರ ಜೊತೆ ಹಿಂದೆ ನಿಂತಿದ್ದ ನನ್ನನ್ನು ಕಣ್ಣಿನಲ್ಲೇ ಹುಡುಕಿ ಹಿಡಿದ.

“ಬಾ ಮಗ. ಇನ್ನೇನು ಎದ್ರಿಕೆ? ಓಗೋಳು ಓದ್ಲು. ಈಗ್ಲಾದ್ರೂ ಬಾಯ್ತುಂಬ ಅವ್ವ ಅಂದು ಅಕ್ಕಿ ಆಕು.”

ರೇವಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ನನ್ನ ತೌಡಿನ ಗಂಟನ್ನು ತಂದು ಮುಂದಿಟ್ಟಳು. “ಅಂಗೇ ಮಾಡವ್ವ. ಎಲ್ಲಾರ ಮುಂದೆ ಇಸ್ಕೋತೀನಿ. ನೀನು ಮಾದಕ್ಕನ ಮಗಳು. ನಾನೇ ಯೋಳ್ತೀನಿ” ಎಂದಳು. ಅಪ್ಪ ಕೈ ಮುಗಿದು ನನ್ನ ಕಡೆ ನೋಡಿದ. ಜೀವಮಾನವೆಲ್ಲ ನಾನು ಕೇಳಿಕೊಂಡು ಬಂದದ್ದು ಇದೇ, ಊರೇ ಸೇರಿ ಕೈಗೆ ಇಡುತ್ತಿತ್ತು.

ಮಂಗಳಮ್ಮ ನನ್ನ ಸೆರಗು ಹಿಡಿದುಕೊಂಡು ಮಾದಕ್ಕ ಯಾಕೆ ಮಾತಾಡುತ್ತಿಲ್ಲ ಎಂದು ಕೇಳುತ್ತಿದ್ದಳು. ನಾನು ಹೊಸ್ತಿಲ ಕಡೆ ನೋಡಿದೆ. ಬಿಸಿಲು ನಿನ್ನೆಯ ಹಾಗೆಯೇ ಬಿದ್ದಿತ್ತು. ಅಲ್ಲಿ ಯಾರಾದರೂ ಕೂತಿದ್ದರೆಂದು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅವಳು ನಂಬಿದ್ದಳು. ನಂಬಿ, ಧಾರೆಯ ದಿನ ಮಜ್ಜಿಗೆ ಹಂಚಿದ್ದಳು. ಅವಳು ಇನ್ನೂ ಮನೆಯಂಗಳ ದಾಟಿರಲಿಲ್ಲ. ಅವಳ ಜೀವಮಾನದ ಕೆಲಸವನ್ನು ಅವಳ ಕಣ್ಣೆದುರಿಗೆ ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

“ಮೊದ್ಲು ನೆಂಟ್ರು ಆಕ್ಲಿ” ಎಂದೆ ದೊಡ್ಡಬೀರಯ್ಯನಿಗೆ. “ನಾನು ರೇವಮ್ಮನ ಮಗಳು. ಊರೋರ ಜೊತೆ ಆಕ್ತೀನಿ.”

ಜನ ಗುಜುಗುಜು ಎಂದರು. ರೇವಮ್ಮ ಗಂಟಿನ ಮೇಲೆ ಕೈಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನೆಂಟರು ಹಾಕಿದರು, ಎಡ ಬಲ ಬೀದಿಯವರು ಹಾಕಿದರು. ನನ್ನ ಸರದಿ ಕೊನೆಗೆ ಬಂತು. ಮುಂದೆ ಹೋಗಿ ಮಂಡಿಯೂರಿದೆ. ಅವಳ ಮೂಗು ನನ್ನದೇ ಮೂಗು. ಅಕ್ಕಿಯನ್ನು ತುಟಿಗೆ ತಾಗಿಸಿ, ಬಾಗಿಲಿನಲ್ಲಿ ಯಾರಿದ್ದರೂ ಚೆನ್ನಾಗಿ ಕೇಳಿಸಲಿ ಎಂದು, ದನಿ ಎತ್ತಿ ಬೇಡಿಕೊಂಡೆ. ಮಾದಪ್ಪನೊಡನೆ ನಾನಾಗಿ ಮಾತನಾಡಿದ್ದು ಅದೇ ಮೊದಲು.

“ಏಳುಮಲೆ ಮಾದಪ್ಪ, ನಮ್ಮ ಎದುರುಮನೆ ಮಾದಕ್ಕ ಬತ್ತಾವ್ಳೆ. ನೀನೇ ಬಂದು ಕೈ ಇಡ್ಕೊಂಡು ಕರ್ಕೊಂಡೋಗಪ್ಪ. ಅವ್ಳ ಮೂರು ಮಕ್ಕಳು ಅಲ್ಲೇ ಅವೆ, ಅವ್ಳಿಗೆ ತೋರ್ಸು. ಒಳ್ಳೆ ಎಂಗ್ಸು. ನಂಗೇನೂ ಆಗ್ಬೇಕಾದೋಳಲ್ಲ.”